ಚಪ್ಪಾಳೆ ನಿಂತ ಮೇಲಿನ ಐವತ್ತು ವರ್ಷ: ಜೊತೆಗಿದ್ದವರಿಗೆಲ್ಲ ನಮಸ್ಕಾರ

ಜಾಂಬೀಸ್ ತಂಡದ ಕುರಿತ ನಮ್ಮ ಧ್ವನಿಸರಣಿಯ ಕೊನೆಯ ಕಂತು ಹೋದ ಭಾನುವಾರ ಪ್ರಸಾರವಾಯಿತು. ಅರವತ್ತರ ದಶಕದ ಒಂದು ಇಂಗ್ಲಿಷ್ ರಾಕ್ ತಂಡದ ಬಗ್ಗೆ, ಅದರಲ್ಲೂ ಆ ತಂಡ ಒಡೆದುಹೋದ ಮೇಲೆ ಅದರ ಹುಡುಗರು ಹೇಗೆ ಬದುಕಿದರು ಎಂಬುದರ ಬಗ್ಗೆ, ಕನ್ನಡದಲ್ಲಿ ಇಷ್ಟು ವಿಸ್ತಾರವಾಗಿ ಮಾತನಾಡಲು ಸಾಧ್ಯವಾದದ್ದು ನನ್ನೊಬ್ಬರ ಶಕ್ತಿಯಿಂದಲ್ಲ. ಋಣ ದೊಡ್ಡದಿದೆ. ಅದನ್ನು ಎಲ್ಲರೆದುರು ಹೇಳಬೇಕು ಎಂದು ಈ ಬರಹ.

ಮೊದಲ ನಮಸ್ಕಾರ ನನ್ನ ಸೋದರಮಾವನಿಗೆ. ‘ಒಡೆಸ್ಸಿ ಆ್ಯಂಡ್ ಒರಾಕಲ್’ ಆಲ್ಬಂ ಅನ್ನು ನನ್ನ ಕೈಗೆ ಕೊಟ್ಟವನು ಅವನು. ಕೊಟ್ಟಾಗ ಹಾಡುಗಳ ಬಗ್ಗೆ ಅವನು ಏನೂ ಹೇಳಲಿಲ್ಲ. ‘ಇದನ್ನು ಮಾಡಿದವರು ಇದು ಹೊರಬರುವ ಮೊದಲೇ ಬೇರೆಯಾಗಿದ್ದರು, ನೆನಪಿಟ್ಟುಕೊಂಡು ಕೇಳು’ ಎಂದಷ್ಟೇ ಹೇಳಿದ. ಸರಣಿಯ ದಾರಿ ಆ ಒಂದು ಮಾತಿನಿಂದಲೇ ತೆರೆಯಿತು. ಹೆಸರು ಮಾಡಿದ ತಂಡಗಳ ಕಥೆಯನ್ನು ಎಲ್ಲರೂ ಮೊದಲ ಗೆಲುವಿನಿಂದ ಆರಂಭಿಸುತ್ತಾರೆ, ಕೊನೆಯ ಜಗಳಕ್ಕೆ ಮುಗಿಸುತ್ತಾರೆ. ನಾವು ಮುಗಿದ ಜಾಗದಿಂದ ಆರಂಭಿಸಿದೆವು.

ಹೊಸಬರಿಗಾಗಿ ಹಿಂದಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಪಟ್ಟಣದ ಶಾಲಾ ಹುಡುಗರು 1961ರಲ್ಲಿ ಕಟ್ಟಿಕೊಂಡ ತಂಡ ಅದು. ಕೀಬೋರ್ಡಿಗೆ ರಾಡ್ ಆರ್ಜೆಂಟ್, ಹಾಡಿಗೆ ಕಾಲಿನ್ ಬ್ಲನ್‌ಸ್ಟೋನ್, ಗಿಟಾರಿಗೆ ಪಾಲ್ ಅಟ್ಕಿನ್ಸನ್, ಡ್ರಮ್ಸ್‌ಗೆ ಹ್ಯೂ ಗ್ರಂಡಿ. ಮೊದಲು ಬೇಸ್ ಗಿಟಾರ್ ನುಡಿಸುತ್ತಿದ್ದವನು ವೈದ್ಯನಾಗಲು ಹೊರಟುಹೋದ, ಅವನ ಜಾಗಕ್ಕೆ ಕ್ರಿಸ್ ವೈಟ್ ಬಂದ. 1964ರ ‘ಶೀಸ್ ನಾಟ್ ದೇರ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಆ ವರ್ಷದ ಕ್ರಿಸ್‌ಮಸ್‌ಗೆ ಅವರು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನ ಫಾಕ್ಸ್ ಥಿಯೇಟರಿನ ವೇದಿಕೆಯಲ್ಲಿದ್ದರು. ಮರುವರ್ಷ ‘ಟೆಲ್ ಹರ್ ನೋ’ ಆರನೆಯ ಸ್ಥಾನ ಮುಟ್ಟಿತು. ಆಮೇಲೆ ಬಿಟ್ಟ ಹಾಡುಗಳು ಒಂದರ ಹಿಂದೊಂದು ಸೋತವು.

1967ರಲ್ಲಿ ಸಾವಿರ ಪೌಂಡಿನ ಬಜೆಟ್ಟಿನಲ್ಲಿ, ಬಹುಪಾಲು ಆ್ಯಬಿ ರೋಡ್ ಸ್ಟುಡಿಯೋದಲ್ಲಿ, ಕಡೆಯದೊಂದು ಆಲ್ಬಂ ಮಾಡಿದರು, ಅದೇ ‘ಒಡೆಸ್ಸಿ ಆ್ಯಂಡ್ ಒರಾಕಲ್’. ಕೆಲವೇ ತಿಂಗಳ ಹಿಂದೆ ಅಲ್ಲಿ ಬೀಟಲ್ಸ್ ಧ್ವನಿಮುದ್ರಣ ಮಾಡಿ ಹೋಗಿದ್ದರು. ಅವರು ಬಿಟ್ಟುಹೋಗಿದ್ದ, ಕೀಲಿ ಒತ್ತಿದರೆ ಟೇಪಿನಲ್ಲಿ ಮುದ್ರಿಸಿಟ್ಟ ವಾದ್ಯಗಳ ದನಿ ಹೊರಡಿಸುವ ಮೆಲೊಟ್ರಾನ್ ವಾದ್ಯವನ್ನೇ ಇವರೂ ಬಳಸಿದರು. ಸ್ಟೀರಿಯೋ ಆವೃತ್ತಿ ಬೇಕೆಂದು ಕಂಪನಿ ಕೇಳುವ ಹೊತ್ತಿಗೆ ಹಣ ಮುಗಿದಿತ್ತು. ಆರ್ಜೆಂಟ್ ಮತ್ತು ವೈಟ್ ಇನ್ನೂರು ಪೌಂಡನ್ನು ತಮ್ಮ ಕಿಸೆಯಿಂದ ಕೊಟ್ಟು ಅದನ್ನು ಮುಗಿಸಿದರು. ಹಾಡು ಬರೆಯುತ್ತಿದ್ದ ಇವರಿಬ್ಬರಿಗೆ ರಾಯಧನ ಬರುತ್ತಿತ್ತು. ಉಳಿದ ಮೂವರಿಗೆ ಕಾರ್ಯಕ್ರಮದ ಸಂಭಾವನೆ ಬಿಟ್ಟರೆ ಬೇರೆ ಗತಿಯಿರಲಿಲ್ಲ. ತಂಡ ಒಡೆದದ್ದಕ್ಕೆ ನೂರು ಕಾರಣ ಹೇಳುವವರಿದ್ದಾರೆ. ನನಗೆ ಇದೊಂದೇ ಸಾಕು. ಆ ಡಿಸೆಂಬರಿನಲ್ಲಿ ಅವರು ಬೇರೆಯಾದರು. ಆಲ್ಬಂ 1968ರ ಏಪ್ರಿಲಿನಲ್ಲಿ ಬಂತು, ಕೊಂಡವರು ಸ್ವಲ್ಪವೇ ಜನ.

ಇಲ್ಲಿಗೆ ಎಲ್ಲ ಮುಗಿಯಬಹುದಿತ್ತು. ಮುಗಿಯದಂತೆ ನೋಡಿಕೊಂಡವನು ಆಲ್ ಕೂಪರ್ ಎಂಬ ಅಮೆರಿಕದ ಸಂಗೀತಗಾರ. ಆಗಷ್ಟೇ ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿಯ ಕೆಲಸಕ್ಕೆ ಸೇರಿದ್ದ ಆತ ಇಂಗ್ಲೆಂಡಿನಿಂದ ಒಂದು ಹೊರೆ ರೆಕಾರ್ಡುಗಳನ್ನು ಹೊತ್ತು ತಂದಿದ್ದ. ಅವುಗಳಲ್ಲಿ ಈ ಒಂದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲೇಬೇಕೆಂದು ಪಟ್ಟು ಹಿಡಿದ. ಕಂಪನಿ ಅದಾಗಲೇ ಅದನ್ನು ಬದಿಗೆ ಸರಿಸಿತ್ತು. ಅವನ ಹಟದಿಂದ ಅದರಲ್ಲಿದ್ದ ‘ಟೈಮ್ ಆಫ್ ದ ಸೀಸನ್’ ಹಾಡು ಅಮೆರಿಕದ ರೇಡಿಯೋ ತಲುಪಿತು, 1969ರ ಮಾರ್ಚಿನಲ್ಲಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೂ ಕ್ಯಾಶ್ ಬಾಕ್ಸ್ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೂ ಏರಿತು. ದೇಶವೆಲ್ಲ ಹಾಡನ್ನು ಗುನುಗುತ್ತಿದ್ದಾಗ ಹಾಡಿದ ತಂಡವೇ ಇರಲಿಲ್ಲ. ಬೇರೆ ಯಾರೋ ಅದೇ ಹೆಸರಿಟ್ಟುಕೊಂಡು ಅಮೆರಿಕದಲ್ಲಿ ತಿರುಗಿ ದುಡ್ಡು ಮಾಡಿದರು. ಹಾಗೆ ತಿರುಗಿದ ಟೆಕ್ಸಾಸಿನ ಒಂದು ನಕಲಿ ತಂಡದಲ್ಲಿ ಮುಂದೆ ಜ಼ೀ ಜ಼ೀ ಟಾಪ್ ಎಂಬ ರಾಕ್ ತಂಡ ಸೇರಿ ಹೆಸರಾದ ಡಸ್ಟಿ ಹಿಲ್ ಮತ್ತು ಫ್ರಾಂಕ್ ಬಿಯರ್ಡ್ ಇದ್ದರು.

ಸರಣಿಗೂ ಒಬ್ಬ ಆಲ್ ಕೂಪರ್ ಇದ್ದಾರೆ. ಮೊದಲೆರಡು ಕಂತುಗಳನ್ನು ಕೇಳಿದವರು ಬೆರಳೆಣಿಕೆಯಷ್ಟಿದ್ದಾಗ, ಮೂರನೆಯದನ್ನು ಬರೆಯಲು ಕೂರಿಸಿದ ಗೆಳತಿ ಅವರು. ತಮಗೆ ಪರಿಚಯವಿದ್ದವರಿಗೆಲ್ಲ ಕಂತುಗಳನ್ನು ಕಳುಹಿಸಿ, ಕೇಳಿದಿರಾ ಎಂದು ಬೆನ್ನು ಬಿದ್ದು ವಿಚಾರಿಸಿದರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಈ ಸಾಲುಗಳನ್ನು ಓದುತ್ತಿರುವಾಗ ಅವರಿಗೆ ತಿಳಿಯುತ್ತದೆ.

ಅತಿ ಹೆಚ್ಚು ಪತ್ರಗಳು ಬಂದದ್ದು ಕಾಲಿನ್ ಬ್ಲನ್‌ಸ್ಟೋನ್ ಬಗೆಗಿನ ಕಂತಿಗೆ. ತಂಡ ಒಡೆದ ಮೇಲೆ ಆತನ ಕೈಯಲ್ಲಿ ಹಣವಿರಲಿಲ್ಲ. ಲಂಡನ್ನಿನ ಒಂದು ವಿಮಾ ಕಂಪನಿಯ ಕಚೇರಿಗೆ ಸೇರಿಕೊಂಡ. ಆ ಕಾಲದ ಅತ್ಯಂತ ಮೃದುವಾದ ಕಂಠಗಳಲ್ಲಿ ಒಂದು ಬೆಳಗ್ಗೆ ಹೋಗಿ ಕಡತಗಳ ಮುಂದೆ ಕುಳಿತುಕೊಳ್ಳುತ್ತಿತ್ತು. ಅಲ್ಲಿದ್ದಾಗಲೇ ಆತನ ಹಾಡು ಅಮೆರಿಕದಲ್ಲಿ ಗೆದ್ದಿತು. ಮತ್ತೆ ಹಾಡಲು ಕರೆ ಬಂದಾಗ ಮೊದಮೊದಲು ಆತ ತನ್ನ ಹೆಸರಿನಲ್ಲಿ ಹಾಡಲಿಲ್ಲ. ನೀಲ್ ಮೆಕಾರ್ಥರ್ ಎಂಬ ಹೆಸರಿನಲ್ಲಿ ‘ಶೀಸ್ ನಾಟ್ ದೇರ್’ ಅನ್ನೇ ಹೊಸದಾಗಿ ಹಾಡಿದ. ತನ್ನದೇ ಹಾಡನ್ನು ಇನ್ನೊಬ್ಬನಾಗಿ ಹಾಡುವುದು ಎಂಥ ಅನುಭವವೋ! 1971ರಲ್ಲಿ ಸ್ವಂತ ಹೆಸರಿನ ಮೊದಲ ಆಲ್ಬಂ ‘ಒನ್ ಇಯರ್’ ಬಂತು. ಅದನ್ನು ನಿರ್ಮಿಸಿದವರು ಹಳೆಯ ಜೊತೆಗಾರರಾದ ಆರ್ಜೆಂಟ್ ಮತ್ತು ವೈಟ್. ತಂಡ ಒಡೆದಿತ್ತು, ಸ್ನೇಹ ಒಡೆದಿರಲಿಲ್ಲ. ತಂತಿವಾದ್ಯಗಳ ನಡುವೆ ಅವನ ದನಿಯೊಂದೇ ನಡೆಯುವ ‘ಸೇ ಯು ಡೋಂಟ್ ಮೈಂಡ್’ ಮರುವರ್ಷ ಇಂಗ್ಲೆಂಡಿನಲ್ಲಿ ಹದಿನೈದನೆಯ ಸ್ಥಾನಕ್ಕೆ ಬಂತು.

ಈ ಕಂತು ಕೇಳಿ ವಿಮಾ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಪತ್ರ ಬರೆದರು. ಅವರು ಯೌವನದಲ್ಲಿ ಗಮಕ ಹಾಡುತ್ತಿದ್ದವರಂತೆ. ಕೆಲಸಕ್ಕೆ ಸೇರಿದ ಮೇಲೆ ನಿಂತುಹೋಯಿತಂತೆ. ‘ಪಕ್ಕದ ಮೇಜಿನವರಿಗೆ ಇವನು ಹಾಡುತ್ತಾನೆಂದು ಗೊತ್ತಿತ್ತೇ?’ ಎಂಬುದು ಅವರ ಪ್ರಶ್ನೆ. ಸಂಗೀತ ಇತಿಹಾಸ ಓದಿದ ಯಾರೂ ಕೇಳದ ಪ್ರಶ್ನೆ. ಅದನ್ನು ಓದಿದ ಮೇಲೆ ನಾನು ಬರೆಯುವ ರೀತಿಯೇ ಬದಲಾಯಿತು. ಯಾವ ಹಾಡು ಎಷ್ಟನೆಯ ಸ್ಥಾನಕ್ಕೆ ಬಂತು ಎನ್ನುವುದರ ಜೊತೆಗೆ, ಮನೆಬಾಡಿಗೆ ಯಾರು ಕಟ್ಟುತ್ತಿದ್ದರು, ಹಗಲು ಹೇಗೆ ಕಳೆಯುತ್ತಿತ್ತು ಎಂದು ಹುಡುಕತೊಡಗಿದೆ. ಸ್ವಾಮಿ, ನಿಮಗೆ ದೀರ್ಘದಂಡ ನಮಸ್ಕಾರ. ನೀವು ಮತ್ತೆ ಗಮಕಕ್ಕೆ ಕುಳಿತಿದ್ದೀರಿ ಎಂದು ಈಚೆಗೆ ಬರೆದಿರಿ. ಆ ಸುದ್ದಿ ಈ ಸರಣಿ ನನಗೆ ಕೊಟ್ಟ ದೊಡ್ಡ ಸಂಭಾವನೆ.

ಆರ್ಜೆಂಟ್ ಕಥೆ ಬೇರೆ. ಆತ ತನ್ನದೇ ಹೆಸರಿನ ತಂಡ ಕಟ್ಟಿ 1972ರಲ್ಲಿ ‘ಹೋಲ್ಡ್ ಯುವರ್ ಹೆಡ್ ಅಪ್’ ಹಾಡಿನಿಂದ ಮತ್ತೆ ಗೆದ್ದ. ಕ್ರಿಸ್ ವೈಟ್ ವೇದಿಕೆಯಿಂದ ದೂರ ಸರಿದು, ಆ ತಂಡಕ್ಕೆ ಹಾಡು ಬರೆಯುತ್ತ, ಧ್ವನಿಮುದ್ರಣ ನೋಡಿಕೊಳ್ಳುತ್ತ ಹಿಂದೆ ನಿಂತ. ಅಲ್ಲಿ ಬೇಸ್ ನುಡಿಸಿದವನು ಜಿಮ್ ರಾಡ್‌ಫರ್ಡ್. ಆತನ ಬಗ್ಗೆ ನಾಲ್ಕು ಮಾತು ಹೆಚ್ಚು ಆಡಲೇಬೇಕು. ಆರ್ಜೆಂಟ್‌ನ ಸೋದರಸಂಬಂಧಿ, ವಯಸ್ಸಿನಲ್ಲಿ ಹಿರಿಯ. ಹುಡುಗರು ಮೊದಲ ಅಭ್ಯಾಸ ಮಾಡಿದ ಕಾಲದಲ್ಲೇ ಸಲಕರಣೆ ಕೊಟ್ಟು, ದಾರಿ ತೋರಿಸಿದವನು. ಆಮೇಲೆ 1978ರಿಂದ ಹದಿನೆಂಟು ವರ್ಷ ಕಿಂಕ್ಸ್ ತಂಡಕ್ಕೆ ಬೇಸ್ ನುಡಿಸಿದ. ಹೊಸ ಶತಮಾನದಲ್ಲಿ ಆರ್ಜೆಂಟ್ ಮತ್ತು ಬ್ಲನ್‌ಸ್ಟೋನ್ ಮತ್ತೆ ಒಂದಾಗಿ ಊರೂರು ಸುತ್ತತೊಡಗಿದಾಗ ಅವರ ಹಿಂದೆ ನಿಂತವನೂ ಅವನೇ. 2018ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ನಿಂತಿದ್ದ. ಮರುವರ್ಷ, ರಾಕ್ ಸಂಗೀತಗಾರರನ್ನು ಗೌರವಿಸುವ ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಐದು ಹೆಸರುಗಳಲ್ಲಿ ಅವನದಿಲ್ಲ. ಅರವತ್ತರ ದಶಕದ ಐವರಿಗೆ ಮಾತ್ರ ಆ ಗೌರವ ಸಂದಿತು. ನನಗೆ ಇದು ಇಂದಿಗೂ ಸಂಕಟ.

ಈ ಮಾತು ಕೇಳಿದ ಮೇಲೆ ಮೃದಂಗ ವಿದ್ವಾಂಸರೊಬ್ಬರ ಮಗಳು ತಮ್ಮ ತಂದೆಯ ಬಗ್ಗೆ ಉದ್ದದ ಧ್ವನಿಸಂದೇಶ ಕಳುಹಿಸಿದರು. ಕಛೇರಿ ಮುಗಿದ ಮೇಲೆ ಪತ್ರಿಕೆಯಲ್ಲಿ ‘ಪಕ್ಕವಾದ್ಯ ಸಹಕಾರ ಚೆನ್ನಾಗಿತ್ತು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಅವರ ಜೀವನವಿಡೀಯ ದುಡಿಮೆ ಆ ಸಂದೇಶದಲ್ಲಿತ್ತು. ಅಮ್ಮಾ, ಅದನ್ನು ಸರಣಿಯಲ್ಲಿ ಸೇರಿಸಲು ಒಪ್ಪಿದ್ದಕ್ಕೆ ಕೈಮುಗಿದಿದ್ದೇನೆ.

ಪಾಲ್ ಅಟ್ಕಿನ್ಸನ್ ಕಂತಿಗೆ ಬಂದಾಗ ನಮ್ಮ ಧ್ವನಿಮುದ್ರಕರೇ ಮಾತು ನಿಲ್ಲಿಸಿ ಕುಳಿತುಬಿಟ್ಟಿದ್ದರು. ಗಿಟಾರ್ ಬದಿಗಿಟ್ಟ ಅಟ್ಕಿನ್ಸನ್, ರೆಕಾರ್ಡ್ ಕಂಪನಿಗಳಲ್ಲಿ ಹೊಸ ಪ್ರತಿಭೆಗಳನ್ನು ಗುರುತಿಸುವ ಕೆಲಸ ಹಿಡಿದ. ಬ್ರೂಸ್ ಹಾರ್ನ್ಸ್‌ಬಿಯಂಥವರನ್ನು ಬೆಳಕಿಗೆ ತಂದ. ತಾನು ನಿಲ್ಲಬಹುದಾಗಿದ್ದ ವೇದಿಕೆಗೆ ಬೇರೆಯವರನ್ನು ಕಳುಹಿಸುತ್ತ ದಶಕಗಳನ್ನು ಕಳೆದ. ಕಾಯಿಲೆ ಬಿದ್ದಾಗ, 2004ರ ಜನವರಿಯಲ್ಲಿ, ಅವನಿಗಾಗಿ ಲಾಸ್ ಏಂಜಲೀಸ್ ಬಳಿಯ ಹೌಸ್ ಆಫ್ ಬ್ಲೂಸ್‌ನಲ್ಲಿ ಸಹಾಯಾರ್ಥ ಕಾರ್ಯಕ್ರಮ ಏರ್ಪಟ್ಟಿತು. ಅಂದು ಐವರೂ ಒಂದೇ ವೇದಿಕೆಯ ಮೇಲೆ ನಿಂತರು. ಅಟ್ಕಿನ್ಸನ್ ಗಿಟಾರ್ ನುಡಿಸಿದ. ಏಪ್ರಿಲ್ 1ರಂದು ತೀರಿಕೊಂಡ. ಬದುಕಿದ್ದಾಗಲೇ, ಕಣ್ಣೆದುರಲ್ಲೇ ಕೃತಜ್ಞತೆ ಸಲ್ಲಿಸಿದ ಆ ಸಂಜೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅವನು ಹೋದ ಮೇಲೂ ಅವರು ಅವನನ್ನು ಸಭೆ ಮಾಡಿ ಹೊಗಳುತ್ತಿದ್ದರು, ನಿಜ. ಆದರೆ ಅದನ್ನು ಅವನು ಕೇಳುತ್ತಿರಲಿಲ್ಲ.

ನಮ್ಮ ಧ್ವನಿಮುದ್ರಕರಿಗೆ ಈಗಲೇ, ಅವರ ಕಿವಿಗೆ ಬೀಳುವಂತೆ ಹೇಳುತ್ತೇನೆ: ಸಂಬಳವಿಲ್ಲದೆ, ನಿಮ್ಮ ರಾತ್ರಿಗಳನ್ನು ಕೊಟ್ಟು, ನನ್ನ ಉಸಿರಿನ ಸದ್ದನ್ನೂ ಬೀದಿಯ ಹಾರ್ನುಗಳನ್ನೂ ಒಂದೊಂದಾಗಿ ಹೆಕ್ಕಿ ತೆಗೆದವರು ನೀವು. ಸರಣಿಯನ್ನು ಮೆಚ್ಚಿದವರೆಲ್ಲ ‘ನಿಮ್ಮ ದನಿ ಚೆನ್ನಾಗಿದೆ’ ಎನ್ನುತ್ತಾರೆ. ಆ ದನಿ ಅರ್ಧ ನಿಮ್ಮದು. ಪ್ರತಿ ಹೆಸರಿಗೂ ಪ್ರತಿ ಇಸವಿಗೂ ಆಧಾರ ಕೇಳಿ, ಸಿಗದಿದ್ದರೆ ಒಳ್ಳೆಯ ಕಥೆಯನ್ನೂ ಹೊಡೆದುಹಾಕುತ್ತಿದ್ದ ನಮ್ಮ ಸಂಪಾದಕರಿಗೂ ಅಷ್ಟೇ ಋಣಿ.

ನಡುವೆ ಸರಣಿ ತಿಂಗಳುಗಟ್ಟಲೆ ನಿಂತಿತ್ತು. ಅಮ್ಮನಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಮ್ಮನನ್ನು ನೋಡಿಕೊಂಡ ವೈದ್ಯರು, ದಾದಿಯರು, ಮನೆಗೆ ಬಂದು ಒಂದೊಂದು ಬೆರಳನ್ನೂ ಬಿಡಿಸಿ ಅಭ್ಯಾಸ ಮಾಡಿಸಿದ ಫಿಸಿಯೋಥೆರಪಿಸ್ಟ್, ಅಮ್ಮನ ಬಳಿ ರಾತ್ರಿ ಮಲಗಲು ಬರುತ್ತಿದ್ದ ಪಕ್ಕದ ಮನೆಯ ಅಕ್ಕ, ಕೆಲಸಕ್ಕೆ ರಜೆ ಹಾಕಿ ಬಂದ ತಮ್ಮ, ಇವರಿಲ್ಲದಿದ್ದರೆ ನಾನು ಇಂದು ಸರಣಿ ಮುಗಿಯಿತು ಎಂದು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಮುಂದಿನ ಕಂತು ಯಾವಾಗ ಎಂದು ಆ ಕಾಲದಲ್ಲಿ ಒಬ್ಬ ಕೇಳುಗರೂ ಒತ್ತಾಯಿಸಲಿಲ್ಲ. ಅಮ್ಮ ಹೇಗಿದ್ದಾರೆ ಎಂದೇ ಎಲ್ಲರೂ ಕೇಳಿದಿರಿ. ಮಾತು ನಿಧಾನವಾಗಿಯಾದರೂ ಬಂದಿದೆ, ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ.

ಇದೇ ಕಾರಣಕ್ಕೆ ಕೊನೆಯ ಕಂತನ್ನು ಓದುವುದು ಕಷ್ಟವಾಯಿತು. 2024ರ ಜುಲೈನಲ್ಲಿ ರಾಡ್ ಆರ್ಜೆಂಟ್‌ಗೂ ಪಾರ್ಶ್ವವಾಯು ಆಯಿತು. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಆತ ಪ್ರವಾಸ ನಿಲ್ಲಿಸಿದ. ಮನೆಯಲ್ಲೇ ಕುಳಿತು ಬರೆಯುವುದನ್ನೂ ಧ್ವನಿಮುದ್ರಿಸುವುದನ್ನೂ ಮುಂದುವರಿಸುವುದಾಗಿ ಹೇಳಿದ. ಅದಕ್ಕೆ ಹಿಂದಿನ ವರ್ಷವಷ್ಟೇ ಹೊಸ ಆಲ್ಬಂ ಬಂದಿತ್ತು. ಅವನ ಎರಡು ಕೈಗಳು ಕೀಲಿಮಣೆಯ ಮೇಲೆ ಓಡುವುದನ್ನು ಹಳೆಯ ದೃಶ್ಯಗಳಲ್ಲಿ ನೋಡುತ್ತ, ಅಮ್ಮನ ಬೆರಳುಗಳನ್ನು ನೆನೆಯದಿರಲು ನನ್ನಿಂದ ಆಗಲಿಲ್ಲ. ಧ್ವನಿಮುದ್ರಣದ ನಡುವೆ ದನಿ ಒಡೆದದ್ದು ಹಾಗೆಯೇ ಇರಲಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು.

ಜಾಂಬೀಸ್ ತಂಡಕ್ಕೂ ಕೃತಜ್ಞತೆ ಹೇಳಬೇಕು, ಅದು ಅವರನ್ನು ತಲುಪಲಿ ಬಿಡಲಿ. 2008ರ ಮಾರ್ಚಿನಲ್ಲಿ, ಮಾಡಿ ನಲವತ್ತು ವರ್ಷವಾದ ಮೇಲೆ, ಉಳಿದ ನಾಲ್ವರೂ ಲಂಡನ್ನಿನ ಷೆಪರ್ಡ್ಸ್ ಬುಷ್ ಎಂಪೈರ್‌ನಲ್ಲಿ ‘ಒಡೆಸ್ಸಿ ಆ್ಯಂಡ್ ಒರಾಕಲ್’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಹಾಗೆ ಪೂರ್ತಿಯಾಗಿ ನುಡಿಸಿದ್ದು ಅದೇ ಮೊದಲು. ಸ್ಟುಡಿಯೋದಲ್ಲಿ ಪದರ ಪದರವಾಗಿ ಸೇರಿಸಿದ್ದ ದನಿಗಳಲ್ಲಿ ಒಂದನ್ನೂ ಬಿಡದೆ ವೇದಿಕೆಗೆ ತರಲು ಹೆಚ್ಚಿನ ಹಾಡುಗಾರರನ್ನೂ ವಾದಕರನ್ನೂ ಕರೆಸಿಕೊಂಡರು. ಯುವಕರಾಗಿದ್ದಾಗ ಯಾರೂ ಕೊಳ್ಳದ ಕೆಲಸವನ್ನು ಅರವತ್ತು ದಾಟಿದ ಮೇಲೆ ಅಷ್ಟೇ ಶ್ರದ್ಧೆಯಿಂದ ಮಾಡಿದ್ದಾರೆ. 2019ರ ಮಾರ್ಚ್ 29ರಂದು ಹಾಲ್ ಆಫ್ ಫೇಮ್ ಗೌರವ ಬಂದದ್ದು ಬ್ರೂಕ್ಲಿನ್ನಿನಲ್ಲೇ, ಅವರು ಅಮೆರಿಕದಲ್ಲಿ ಮೊದಲು ಹಾಡಿದ ಊರಿನಲ್ಲಿ. ನನಗೆ ಆ ಪ್ರಶಸ್ತಿಗಿಂತ ಷೆಪರ್ಡ್ಸ್ ಬುಷ್‌ನ ಕಾರ್ಯಕ್ರಮವೇ ದೊಡ್ಡದು.

ಎಲ್ಲ ಕಂತುಗಳ ಲಿಖಿತ ಪ್ರತಿ ಸಿದ್ಧವಾಗಿದೆ. ಕಿವಿ ಕೇಳಿಸದವರಿಗೆ ಬೇಕೆಂದು ಇಬ್ಬರು ವಿದ್ಯಾರ್ಥಿನಿಯರು ತಾವಾಗಿಯೇ ಕುಳಿತು ಟೈಪ್ ಮಾಡಿದ್ದಾರೆ. ಅವರಿಗೆ ಪ್ರೀತಿಯ ವಂದನೆ. ಕೇಳಿದವರಿಗೆಲ್ಲ ಅದನ್ನು ಕಳುಹಿಸುತ್ತೇನೆ. ಅಮ್ಮನ ಕಾಯಿಲೆಯ ತಿಂಗಳುಗಳಲ್ಲಿ ಬಂದ ಪತ್ರಗಳಿಗೆ ಉತ್ತರ ಬರೆಯುವುದು ಇನ್ನೂ ಬಾಕಿಯಿದೆ. ಈ ವಾರದಿಂದ ಬಂದ ಕ್ರಮದಲ್ಲೇ ಒಬ್ಬೊಬ್ಬರಿಗೂ ಬರೆಯುತ್ತೇನೆ.