ಅಮ್ಮ ಅಳುತ್ತಿರಲಿಲ್ಲ

ಮಾನ್ಯರೇ,

ಹೋದ ವರ್ಷ ನೆಂಟರ ಮದುವೆಯಲ್ಲಿ ಧಾರೆಯ ಹೊತ್ತಿಗೆ ಮೂರು ಜನ ಬಂದು ನಮ್ಮಮ್ಮನನ್ನು ಸಮಾಧಾನ ಮಾಡಿದರು. ಅಮ್ಮ ಅಳುತ್ತಿರಲಿಲ್ಲ. ಎರಡು ವರ್ಷದಿಂದ ಅವರ ಎಡಗಣ್ಣಲ್ಲಿ ಸುಮ್ನೆ ನೀರು ಸೋರುತ್ತಿತ್ತು. ಸೆರಗಿನಿಂದ ಒರೆಸಿ ಒರೆಸಿ ಕೆಳರೆಪ್ಪೆ ಕೆಂಪಾಗಿತ್ತು.

ಊರವರು ಉಷ್ಣ ಅಂದರು. ನೆತ್ತಿಗೆ ಹರಳೆಣ್ಣೆ ಹಚ್ಚಿದ್ದಾಯಿತು. ಹತ್ತಿರದ ಒಂದು ಆಸ್ಪತ್ರೆಯಲ್ಲಿ "ವಯಸ್ಸಾಯ್ತಲ್ಲ" ಎಂದು ಡ್ರಾಪ್ಸ್ ಬರೆದರು. ಅದು ಮುಗಿದ ಮೇಲೆ ಇನ್ನೊಂದು. ಫ್ರಿಜ್ಜಿನ ಬಾಗಿಲಲ್ಲಿ ನಾಲ್ಕು ಬಾಟಲಿ ಸಾಲಾಗಿ ನಿಂತವು. ಅಷ್ಟು ದಿನದಲ್ಲಿ ಒಬ್ಬರಾದರೂ ರೆಪ್ಪೆಯನ್ನು ಸ್ವಲ್ಪ ಹೊರಳಿಸಿ ನೋಡಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿ. ಮೂಗಿನ ಕಡೆಯ ತುದಿಯಲ್ಲಿ ಸೂಜಿ ಚುಚ್ಚಿದಂಥ ಒಂದು ತೂತು ಕಾಣುತ್ತದೆ. ಅಗಲ ಹೆಚ್ಚುಕಡಿಮೆ 0.3 ಮಿಲಿಮೀಟರ್. ಮೇಲಿನ ರೆಪ್ಪೆಯಲ್ಲೂ ಇಂಥದ್ದೇ ಒಂದಿದೆ. ಕಣ್ಣೀರು ಇವುಗಳ ಮೂಲಕ ಮೂಗಿನ ಪಕ್ಕದ ಒಂದು ಪುಟ್ಟ ಚೀಲಕ್ಕಿಳಿದು ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ಬಚ್ಚಲ ತೂಬು ಕಟ್ಟಿಕೊಂಡರೆ ನೀರು ಹೊಸಿಲು ದಾಟುವುದಿಲ್ಲವೇ, ಈ ತೂತು ಕಿರಿದಾದರೂ ಹಾಗೆಯೇ.

ವಯಸ್ಸಿನಿಂದ ಹೀಗಾಗುವುದು ನಿಜ. ರೆಪ್ಪೆಯ ಅಂಚಿನಲ್ಲಿ ಹೊಟ್ಟಿನಂತೆ ಕಟ್ಟಿ ಉರಿಯೂತ ಬಹಳ ದಿನ ಉಳಿದರೂ ಆಗುತ್ತದೆ. ಕ್ಯಾನ್ಸರಿಗೆ ಕೊಡುವ ಕೆಲವು ಔಷಧಿಗಳಿಂದಲೂ ಆಗುತ್ತದೆ. ಕಣ್ಣಿನ ಒತ್ತಡಕ್ಕೆ ವರ್ಷಗಟ್ಟಲೆ ಹಾಕುವ ಡ್ರಾಪ್ಸಿನಿಂದಲೂ ಆಗಬಹುದು. ಹಾಗಂತ ಆ ಡ್ರಾಪ್ಸನ್ನು ಯಾರೂ ತಾವಾಗಿ ನಿಲ್ಲಿಸಬೇಡಿ, ಆ ಒತ್ತಡದ ಕಾಯಿಲೆಯಿಂದ (ಗ್ಲಾಕೋಮಾ) ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಕೊನೆಗೆ ಬೇರೆ ಊರಿನ ಡಾಕ್ಟರಮ್ಮ ಒಬ್ಬರು ಕಣ್ಣಿಗೆ ಹಳದಿ ಬಣ್ಣದ ಹನಿ ಬಿಟ್ಟು ಐದು ನಿಮಿಷ ಕೂರಿಸಿದರು. ಬಲಗಣ್ಣಲ್ಲಿ ಬಣ್ಣ ಇಳಿದುಹೋಗಿತ್ತು, ಎಡಗಣ್ಣಲ್ಲಿ ಹಾಗೇ ನಿಂತಿತ್ತು. ಮರಗಟ್ಟಿಸುವ ಹನಿ ಹಾಕಿ, ಚೂಪು ತುದಿಯ ಸಣ್ಣ ಕಡ್ಡಿಯಿಂದ ತೂತನ್ನು ಹಿಗ್ಗಿಸಿ, ಸಿರಿಂಜಿನಲ್ಲಿ ಉಪ್ಪುನೀರು ಬಿಟ್ಟರು. "ಅಯ್ಯೋ, ಗಂಟಲೆಲ್ಲ ಉಪ್ಪು!" ಅಂದರು ಅಮ್ಮ. ಡಾಕ್ಟರಮ್ಮ ನಕ್ಕರು. ಉಪ್ಪು ಗಂಟಲಿಗೆ ಬಂತು ಅಂದರೆ ಕೆಳಗಿನ ದಾರಿ ಸರಿ ಇದೆ, ರೆಪ್ಪೆಯ ತೂತಿನ ಬಾಯಿ ಮಾತ್ರ ಕಿರಿದು. ಮೂಗಿನ ಮೂಳೆ ಕೊರೆದು ಹೊಸ ದಾರಿ ಮಾಡುವ ದೊಡ್ಡ ಆಪರೇಷನ್ ಬೇಕಾಗಿಲ್ಲ.

ಬರೀ ಹಿಗ್ಗಿಸಿದರೆ ಎಷ್ಟೋ ಸಲ ಮತ್ತೆ ಕೂಡಿಕೊಳ್ಳುತ್ತದೆ. ಅಮ್ಮನಿಗೂ ತಿಂಗಳಲ್ಲಿ ಹಾಗೇ ಆಯಿತು. ಎರಡನೇ ಸಲ ಅಲ್ಲೇ ಒಂದು ಇಂಜೆಕ್ಷನ್ ಕೊಟ್ಟು, ಪುಟ್ಟ ಕತ್ತರಿಯಿಂದ ತೂತಿನ ಅಂಚನ್ನು ಚೂರು ಕತ್ತರಿಸಿ ಅಗಲ ಮಾಡಿದರು. ಕೆಲವರಿಗೆ ಕೂದಲಂಥ ಸಿಲಿಕೋನ್ ಕೊಳವೆಯನ್ನು ಕೆಲವು ವಾರ ಇಟ್ಟಿರುತ್ತಾರಂತೆ. ಅಮ್ಮ ಅವತ್ತೇ ಬಸ್ಸಿನಲ್ಲಿ ಮನೆಗೆ ಬಂದರು.

ನೀರು ಸೋರುವುದೆಲ್ಲ ಇದೇ ಅಲ್ಲ. ಕಣ್ಣು ಒಣಗಿದರೂ ನೀರು ಬರುತ್ತದೆ, ತಮಾಷೆ ಅಲ್ವಾ? ಅಂಥವರಿಗೆ ಇದೇ ತೂತನ್ನು ಬೇಕೆಂದೇ ಬಿರಡೆ ಹಾಕಿ ಮುಚ್ಚುವುದೂ ಉಂಟು. ಅದಕ್ಕೇ ನೋಡದೆ ಔಷಧಿ ಬರೆಯಬಾರದು ಅನ್ನುವುದು.

ನಮ್ಮ ಹಳ್ಳಿಗಳ ಕಣ್ಣಿನ ಶಿಬಿರಗಳಲ್ಲಿ ಪೊರೆ ಇದ್ದವರನ್ನು ಆರಿಸಿ ಕರೆದೊಯ್ಯುತ್ತಾರೆ. ಒಳ್ಳೆಯದೇ. ಪೊರೆ ಆಪರೇಷನ್ನಿಗೆ ಮುಂಚೆ ಅಮ್ಮನಿಗೆ ಮಾಡಿದ ಹಾಗೆ ತೂತಿನಲ್ಲಿ ನೀರು ಬಿಟ್ಟು ನೋಡುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅಂದರೆ ಕೈಗೆ ಅಭ್ಯಾಸವಿದೆ, ಸಾಮಾನು ಅಗ್ಗ. "ಪೊರೆ ಇಲ್ಲ, ಹೋಗಮ್ಮ" ಎಂದು ವಾಪಸ್ ಕಳಿಸುವ, ಕಣ್ಣೊರೆಸಿಕೊಳ್ಳುತ್ತಲೇ ಬಂದ ಅಜ್ಜ ಅಜ್ಜಿಯರಿಗೂ ಅದೇ ಪರೀಕ್ಷೆ ಮಾಡಲಿ. ಆರೋಗ್ಯ ಇಲಾಖೆ ಶಿಬಿರದ ಚೀಟಿಯಲ್ಲಿ "ನೀರು ಸೋರುತ್ತದೆಯೇ?" ಎಂದು ಒಂದು ಸಾಲು ಸೇರಿಸಲಿ.

ಇಂತಿ,
ಒಬ್ಬ ಓದುಗ, ತಿಪಟೂರು