ಶಾಲೆಯ ಗೊಬ್ಬರದ ತೊಟ್ಟಿಗೆ ವರ್ಷ ತುಂಬಿತು, ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ

ತಿಪಟೂರು ಸೀಮೆಯ ನಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಕಸದಿಂದ ಗೊಬ್ಬರ ಮಾಡಲು ಶುರು ಮಾಡಿ ಒಂದು ವರ್ಷವಾಯಿತು. ಮೊದಲ ತೊಟ್ಟಿಯ ಗೊಬ್ಬರ ಈಗ ಕೈತೋಟದ ಬದನೆ, ನುಗ್ಗೆ ಗಿಡಗಳ ಬುಡ ಸೇರಿದೆ. ಸಿಕ್ಕವರೆಲ್ಲ "ಮಿಸ್, ಒಳ್ಳೆ ಕೆಲಸ ಮಾಡಿದ್ರಿ" ಅನ್ನುತ್ತಿದ್ದಾರೆ. ಆದರೆ ಈ ಮಾತು ಸಲ್ಲಬೇಕಾದವರು ಬೇರೆ ಇದ್ದಾರೆ.

ಮೊದಲನೆಯವರು ನಮ್ಮ ಅಡುಗೆ ಅಕ್ಕಂದಿರು. ಅವರಿಗೆ ಸಿಗುವ ಗೌರವಧನ ಎಷ್ಟು ಕಡಿಮೆ ಅಂತ ಎಲ್ಲರಿಗೂ ಗೊತ್ತು. ಈ ಕೆಲಸಕ್ಕೆ ಒಂದು ರೂಪಾಯಿಯೂ ಜಾಸ್ತಿ ಸಿಗಲಿಲ್ಲ. ಆದರೂ ತರಕಾರಿ ಸಿಪ್ಪೆಗೆ ಒಂದು ಬಕೆಟ್, ತಟ್ಟೆಯಲ್ಲಿ ಉಳಿದ ಅನ್ನ ಸಾಂಬಾರಿಗೆ ಇನ್ನೊಂದು ಅಂತ ದಿನಾ ಬೇರೆ ಮಾಡಿಟ್ಟರು. ಸಾಂಬಾರಿನ ನೀರು ತೊಟ್ಟಿಗೆ ಹೋದರೆ ನಾತ ಗ್ಯಾರಂಟಿ. ಅದಕ್ಕೆ ಹಳೇ ಬುಟ್ಟಿಯಲ್ಲಿ ಬಸಿದು ಹಾಕುವ ಉಪಾಯ ಹುಡುಕಿದ್ದೂ ಅವರೇ. ಯಾವ ತರಬೇತಿಯಲ್ಲೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಮಳೆಗಾಲ ಮಾತ್ರ ಕಷ್ಟವಾಯಿತು. ಒಂದು ಪಾಲು ಹಸಿಗೆ ಎರಡು ಪಾಲು ಒಣ ಎಲೆ ಬೇಕು. ಹೊಂಗೆ ಎಲೆಯೆಲ್ಲ ನೆನೆದು ಮುದ್ದೆಯಾಗಿತ್ತು. ತೊಟ್ಟಿಯಲ್ಲಿ ಗಾಳಿಯಾಡದೆ ಹುಳಿ ನಾತ ಎದ್ದಿತು, ಹುಳ ಕಾಣಿಸಿಕೊಂಡವು. ಪಕ್ಕದ ಮನೆಯ ಅಜ್ಜಿ ಬಂದು "ತಡೆಯೋಕಾಗಲ್ಲ ಕಣವ್ವ" ಅಂದರು. ನಿಲ್ಲಿಸೋಣ ಅಂತ ಮೀಟಿಂಗಿನಲ್ಲೂ ಮಾತು ಬಂತು. ಆಗ ಕೈ ಹಿಡಿದವರು ಊರಿನ ತೆಂಗಿನ ನಾರಿನ ಕಾರ್ಖಾನೆಯವರು. ಟ್ರ್ಯಾಕ್ಟರಿನಲ್ಲಿ ನಾರಿನ ಪುಡಿ ತಂದು ಸುರಿದರು, ದುಡ್ಡು ಮುಟ್ಟಲಿಲ್ಲ. ಆ ಪುಡಿ ನೀರು ಹೀರುವ ಪರಿ ನೋಡಿಯೇ ನಂಬಬೇಕು. ಬೈದ ಅಜ್ಜಿಯೇ ಮರುದಿನ ಮೊಮ್ಮಗನ ಕೈಲಿ ಒಂದು ಚೊಂಬು ಹುಳಿ ಮಜ್ಜಿಗೆ ಕಳಿಸಿದರು, ಗೊಬ್ಬರದ ರಾಶಿಗೆ ಹೆಪ್ಪು ಹಾಕಲು. ಅಜ್ಜಿ, ನಿಮಗೆ ವಿಶೇಷ ನಮಸ್ಕಾರ.

ಇನ್ನು ಮಕ್ಕಳು. 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು ಶುರುವಾದ ಮೇಲೆ ಸಿಪ್ಪೆ ರಾಶಿ ರಾಶಿ ಬೀಳುತ್ತದೆ. ಇಡಿಯಾಗಿ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಏಳನೇ ಕ್ಲಾಸಿನವರು ಅದನ್ನು ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿ, ಕಲ್ಲಿನಲ್ಲಿ ಜಜ್ಜಿ ಪುಡಿ ಮಾಡುತ್ತಾರೆ. ಗಿಡಕ್ಕೆ ಸುಣ್ಣದ ಅಂಶ ಸಿಗುತ್ತದೆ. ಚಿಕ್ಕವರಿಗೆ ಇಷ್ಟವಾದದ್ದು ಬೇರೆ. ಬೆಳಿಗ್ಗೆ ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟುವುದು. ಬಿಸಿಯಾಗಿದ್ದರೆ "ಮಿಸ್, ಬೇಯ್ತಾ ಇದೆ!" ಅಂತ ಕೂಗಾಟ. ಒಳಗಿನ ಸೂಕ್ಷ್ಮಜೀವಿಗಳು ರಾಶಿಯನ್ನು 55 ಡಿಗ್ರಿ ದಾಟಿಸಬಲ್ಲವು ಅಂತ ಪಾಠದಲ್ಲಿ ಹೇಳಿದ್ದಕ್ಕಿಂತ ಆ ಸರಳು ಚೆನ್ನಾಗಿ ಹೇಳಿತು.

ನನಗೆ ಗೊಬ್ಬರಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಎರಡನೇ ಬಕೆಟ್. ಅದು ಈಗ ತುಂಬುವುದೇ ಇಲ್ಲ. ಎಷ್ಟು ಅನ್ನ ಹೋಗುತ್ತದೆ ಅಂತ ಕಣ್ಣಾರೆ ಕಂಡ ಮೇಲೆ ಮಕ್ಕಳೇ "ಅಕ್ಕ, ಸ್ವಲ್ಪ ಹಾಕಿ, ಆಮೇಲೆ ಕೇಳ್ತೀನಿ" ಅನ್ನತೊಡಗಿದರು. ಯಾರೂ ಬೈದು ಕಲಿಸಿದ್ದಲ್ಲ.

ತೊಟ್ಟಿಗೆ ಇಟ್ಟಿಗೆ ಕೊಟ್ಟ ಶಾಲಾಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ), ಪ್ಲಾಸ್ಟಿಕ್ಕನ್ನು ತಪ್ಪದೆ ಒಯ್ದ ಪಂಚಾಯಿತಿ ಕಸದ ಗಾಡಿಯ ಅಕ್ಕನಿಗೆ, ರಜೆಯಲ್ಲೂ ಬಂದು ರಾಶಿ ಮಗುಚಿದ ಪೋಷಕರಿಗೆ ತುಂಬು ಹೃದಯದ ಧನ್ಯವಾದ.

ಎರಡನೇ ತೊಟ್ಟಿಯ ಗೊಬ್ಬರ ಜರಡಿ ಹಿಡಿದಾಗಿದೆ. ಮನೆ ಗಿಡಗಳಿಗೆ ಬೇಕಾದವರು ಶನಿವಾರ ಮಧ್ಯಾಹ್ನ ಚೀಲ ತನ್ನಿ. ಅಜ್ಜಿಯ ಪಾಲು ಮೊದಲೇ ತೆಗೆದಿಟ್ಟಿದ್ದೇವೆ.