ಈ ಸಲ ರಾಗಿ ಮನೆ ಸೇರಿತು

ರಾಗಿ ಬಡಿದು, ತೂರಿ, ಮೂಟೆ ಕಟ್ಟಿಯಾಯಿತು. ಬಂಡೀಪುರದ ಕಾಡಂಚಿನಲ್ಲಿ ಬೇಸಾಯ ಮಾಡುವವರಿಗೆ ಈ ಮಾತಿನ ತೂಕ ಗೊತ್ತು. ತೆನೆ ಹಾಲುಗಟ್ಟಿದ ದಿನದಿಂದ ಕೊಯ್ಲಿನವರೆಗೆ ಆನೆ ಬಾರದಂತೆ ಕಾಯುತ್ತ ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಿದ್ದ ನಮ್ಮೂರಿನ ಗಂಡಸರು ಈ ವರ್ಷ ಮನೆಯಲ್ಲಿ ಮಲಗಿದರು. ಅದಕ್ಕಾಗಿ ನಮ್ಮ ನೆರೆಯ ಸಫಾರಿ ಲಾಡ್ಜ್‌ನವರಿಗೆ ಊರಿನ ಪರವಾಗಿ ಎಲ್ಲರೆದುರು ಕೃತಜ್ಞತೆ ಹೇಳಲು ಇದನ್ನು ಬರೆಯುತ್ತಿದ್ದೇನೆ.

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಕಾಡು ಉಳಿಯಿತೆಂಬ ಹೆಮ್ಮೆ ನಮಗೂ ಇದೆ. ಆದರೆ ಆನೆ ನೋಡಲು ದೂರದಿಂದ ಬರುವವರ ಖುಷಿಗೂ ಅದೇ ಆನೆಗೆ ಒಂದೇ ರಾತ್ರಿಯಲ್ಲಿ ವರ್ಷದ ಅನ್ನ ಕಳೆದುಕೊಳ್ಳುವವರ ಸಂಕಟಕ್ಕೂ ನಡುವೆ ಇರುವುದು ಒಂದು ಕಂದಕ, ಒಂದು ಬೇಲಿ. ಆ ಖುಷಿಯಿಂದಲೇ ಬದುಕುವ ಲಾಡ್ಜ್‌ನವರು ಬೇಲಿಯ ಈಚೆಗೂ ಬಂದು ನೋಡಿದರು.

ಬಿಸಿಲಿನಿಂದ ವಿದ್ಯುತ್ ಪಡೆದು, ಮುಟ್ಟಿದರೆ ಶಾಕ್ ಕೊಡುವ ಸೌರಬೇಲಿ ನಮಗೆ ಹೊಸದೇನಲ್ಲ. ಹಾಕಿಸಿಕೊಟ್ಟವರು ಹಿಂದೆಯೂ ಇದ್ದರು, ಆಮೇಲೆ ತಿರುಗಿ ನೋಡುವವರು ಇರಲಿಲ್ಲ. ಒಂದು ಹದ ಮಳೆ ಬಿದ್ದರೆ ಸಾಕು, ಹುಲ್ಲು, ಲಂಟಾನ ಎದ್ದು ತಂತಿಗೆ ತಾಗುತ್ತವೆ. ತಾಗಿದ ಕಡೆಯೆಲ್ಲ ವಿದ್ಯುತ್ ನೆಲಕ್ಕಿಳಿದು ಬೇಲಿ ಸತ್ತುಹೋಗುತ್ತದೆ. ಆನೆಗೆ ಇದು ಬಹುಬೇಗ ತಿಳಿಯುತ್ತದೆ. ತಂತಿ ಜೀವಂತವಾಗಿದ್ದರೂ ದಂತಕ್ಕೆ ಶಾಕ್ ತಗಲದೆಂದು ಅರಿತ ಸಲಗ ಅದರಿಂದಲೇ ತಂತಿ ಹರಿಯುತ್ತದೆ. ಮರ ಕೆಡವಿ ಬೇಲಿಯನ್ನೇ ನೆಲಕ್ಕೊರಗಿಸಿ ದಾಟುವುದನ್ನೂ ನಾವು ಕಂಡಿದ್ದೇವೆ.

ಲಾಡ್ಜ್‌ನವರು ಮತ್ತೊಂದು ಬೇಲಿ ಕೊಡಲಿಲ್ಲ. ಇದ್ದ ಬೇಲಿಯನ್ನು ನೋಡಿಕೊಳ್ಳುವವರಿಗೆ ಸಂಬಳ ಕೊಟ್ಟರು. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಉಪಕಾರ. ನಮ್ಮೂರಿನ ಇಬ್ಬರು ಹುಡುಗರು ಮಚ್ಚು, ಮೀಟರ್ ಹಿಡಿದು ದಿನಾ ಬೆಳಿಗ್ಗೆ ತಂತಿಯುದ್ದಕ್ಕೂ ನಡೆಯುತ್ತಾರೆ. ಬಳ್ಳಿ ಕತ್ತರಿಸುತ್ತಾರೆ, ಬ್ಯಾಟರಿಗೆ ನೀರು ಹಾಕುತ್ತಾರೆ, ಸೌರಫಲಕದ ಮೇಲಿನ ಧೂಳು ಒರೆಸುತ್ತಾರೆ. ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿರಬೇಕು. ಆ ಸದ್ದು ನಿಂತರೆ ಡೇರಿಗೆ ಹಾಲು ಹಾಕಲು ಹೊರಟ ಹೆಂಗಸರೇ ಮೊದಲು ಫೋನ್ ಮಾಡಿ ತಿಳಿಸುತ್ತಾರೆ. ಇಂಥ ಕೆಲಸಕ್ಕೆ ಉದ್ಘಾಟನೆಯಿಲ್ಲ, ಫಲಕದಲ್ಲಿ ಹೆಸರಿಲ್ಲ. ತಿಂಗಳು ತಪ್ಪದೆ ಹಣ ಕೊಡುವ ಮನಸ್ಸು ಬೇಕು, ಅಷ್ಟೆ. 2020ರಲ್ಲಿ ಕೋವಿಡ್ ಬಂದು ಸಫಾರಿ ನಿಂತು ಅವರ ಕೋಣೆಗಳೆಲ್ಲ ಖಾಲಿ ಬಿದ್ದಿದ್ದಾಗಲೂ ಆ ಸಂಬಳ ನಿಲ್ಲಲಿಲ್ಲ. ಅದನ್ನು ನಾವು ಮರೆಯುವುದಿಲ್ಲ.

ಅವರ ಅಡುಗೆಮನೆಗೆ ನಮ್ಮ ತರಕಾರಿ, ಹಾಲು ಹೋಗುತ್ತದೆ. ಅಪರಾತ್ರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡವರನ್ನು ಅವರ ಜೀಪು ಗುಂಡ್ಲುಪೇಟೆಗೆ ಮುಟ್ಟಿಸಿದೆ. ಚಾಲಕರಿಗೆ ಆ ತಾಯಂದಿರ ಪರವಾಗಿ ನಮಸ್ಕಾರ.

ಬೇಲಿಯ ಹುಡುಗರಿಗೆ, ಆನೆಗಳ ಹಿಂಡು ಹತ್ತಿರ ಬಂದಾಗಲೆಲ್ಲ ಸುದ್ದಿ ಮುಟ್ಟಿಸಿದ ಅರಣ್ಯ ಇಲಾಖೆಯ ವಾಚರ್‌ಗಳಿಗೆ, ಇಷ್ಟು ವರ್ಷ ಗಂಡಸರು ಕಾವಲಿಗೆ ಹೋದಾಗ ಮನೆ, ಮಕ್ಕಳು, ದನಕರು ಎಲ್ಲವನ್ನೂ ಒಬ್ಬರೇ ನಿಭಾಯಿಸಿದ ನಮ್ಮ ಹೆಣ್ಣುಮಕ್ಕಳಿಗೂ ಋಣಿಯಾಗಿದ್ದೇನೆ. ಕಷ್ಟ ಪೂರ್ತಿ ತೀರಿತೆಂದಲ್ಲ. ಕಾಡುಹಂದಿಗಳು ಈಗಲೂ ತಂತಿಯ ಕೆಳಗೆ ನುಸುಳುತ್ತವೆ; ಜೋಳ ಹಾಕಿದವರಿಗೆ ಈ ಸಲವೂ ನಷ್ಟವಾಗಿದೆ.

ಕೆರೆಯ ಕಡೆಯ ತಂತಿ ಹಳತಾಗಿದೆ, ಮುಂಗಾರಿಗೆ ಮುಂಚೆ ಬದಲಿಸಬೇಕು. ಅರ್ಧ ಖರ್ಚು ತಾವು ಕೊಡುವುದಾಗಿ ಲಾಡ್ಜ್‌ನವರು ಹೇಳಿದ್ದಾರೆ. ಉಳಿದರ್ಧವನ್ನು ಮನೆಮನೆಯಿಂದ ಕೂಡಿಸುತ್ತಿದ್ದೇವೆ. ಕೇಳುವ ಮುಂಚೆಯೇ ತಂದುಕೊಟ್ಟ ಎಲ್ಲ ಮನೆಗಳಿಗೂ ವಂದನೆಗಳು.